ಯಾವ ಮುಖ್ಯ ಶಿಕ್ಷಕರು?

ನನ್ನ ಪಿಎಚ್.ಡಿ. ವಿಷಯದ ಹೆಸರು ಉದ್ದವಿದೆ: ಶಾಲಾ ಮುಖ್ಯಸ್ಥರ ನಾಯಕತ್ವ ಶಿಕ್ಷಕರ ಕಾರ್ಯನಿರ್ವಹಣೆಯ ಮೇಲೆ ಬೀರುವ ಪರಿಣಾಮ. ಊರಲ್ಲಿ ಯಾರಾದರೂ ಕೇಳಿದರೆ, "ಹೆಡ್‌ಮಾಸ್ತರ್ ಛಲೋ ಇದ್ರ ಉಳಿದ ಮಾಸ್ತರ್ರು ಛಲೋ ಪಾಠ ಮಾಡ್ತಾರೋ ಇಲ್ಲೋ ಅಂತ ನೋಡಾಕತ್ತೀನಿ" ಎನ್ನುತ್ತೇನೆ. ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳ ಶಾಲೆಗಳಿಗೆ ಪ್ರಶ್ನಾವಳಿ ಹಿಡಿದು ತಿರುಗುವುದೇ ಸದ್ಯದ ಕೆಲಸ. ಕಂಪ್ಲಿ ಹತ್ತಿರದ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯೊಬ್ಬರು 11ನೇ ಹೇಳಿಕೆಯ ಮುಂದೆ ಪೆನ್ನು ನಿಲ್ಲಿಸಿದರು. 'ಮುಖ್ಯ ಶಿಕ್ಷಕರು ನನ್ನ ತರಗತಿಗೆ ಬಂದು ಪಾಠ ಗಮನಿಸುತ್ತಾರೆ' ಎಂಬುದು ಆ ಹೇಳಿಕೆ.

"ಯಾವ ಮುಖ್ಯ ಶಿಕ್ಷಕರು ತಮ್ಮಾ? ಇಲ್ಲಿ ಹೆಡ್ ಮಿಸ್ಸೂ ನಾನೇ, ಬರೇ ಮಿಸ್ಸೂ ನಾನೇ" ಎಂದು ನಕ್ಕರು. ಶಾಲೆಯ ಇನ್ನೊಬ್ಬ ಶಿಕ್ಷಕರು ಅಂದು ತರಬೇತಿಗೆ ಹೋಗಿದ್ದರು.

ಪಾಠ ಮಾಡುವವರ ಮೇಲೆ ಇನ್ನೊಬ್ಬರು ಇರಬೇಕೆಂಬ ಏರ್ಪಾಡು ನಮ್ಮ ಸೀಮೆಗೆ ಯಾವಾಗ ಬಂತು? ಈ ಪ್ರಶ್ನೆ ಹೊತ್ತುಕೊಂಡೇ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತೆ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಧರಂಪಾಲ್ 1983ರಲ್ಲಿ ಪ್ರಕಟಿಸಿದ 'ದಿ ಬ್ಯೂಟಿಫುಲ್ ಟ್ರೀ'ಯಲ್ಲಿ ಆ ವರದಿ ಇದೆ. ಹೊಸಪೇಟೆ, ಹಂಪಿ, ಕಂಪ್ಲಿ ಆಗ ಬಳ್ಳಾರಿ ಜಿಲ್ಲೆಯೊಳಗಿದ್ದವು. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ.

ಕ್ಯಾಂಪ್‌ಬೆಲ್ ಲೆಕ್ಕದಲ್ಲಿ 533 ಶಾಲೆ, 6,641 ಮಕ್ಕಳು. ಭಾಗಿಸಿದರೆ ಒಂದು ಶಾಲೆಗೆ ಸುಮಾರು 12 ಮಕ್ಕಳು. ಅಂದರೆ ಹೆಚ್ಚಿನವು ಒಬ್ಬರೇ ಮೇಷ್ಟ್ರ ಶಾಲೆಗಳಿರಬೇಕು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಮೇಷ್ಟ್ರು 'ಸರಸ್ವತಿ' ಎಂದು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಿತ್ತು. ಮುಂದಿದ್ದ ಮಕ್ಕಳು ಹಿಂದಿದ್ದವರಿಗೆ ಕಲಿಸುತ್ತಿದ್ದರು. ಕಲಿಸುತ್ತ ತಾವೂ ಗಟ್ಟಿಯಾಗುತ್ತಿದ್ದರು. ಆ ಮೇಷ್ಟ್ರು ನಾಯಕತ್ವ ಹಂಚಿದ್ದು ಸಹೋದ್ಯೋಗಿಗಳಿಗಲ್ಲ, ಮಕ್ಕಳಿಗೆ. ಇದೇ ಬಗೆಯ ಕಲಿಕೆಯನ್ನು ಮದ್ರಾಸಿನಲ್ಲಿ ಕಂಡ ಆಂಡ್ರ್ಯೂ ಬೆಲ್ 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಇಂಗ್ಲೆಂಡಿನಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು.

ಧರಂಪಾಲರನ್ನು ಓದಿದ ಹುರುಪಿನಲ್ಲಿ ಆ ಶಾಲೆಗಳನ್ನು ಅಟ್ಟಕ್ಕೇರಿಸುವವರಿದ್ದಾರೆ. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ಛಾವಣಿಗೆ ಎಳೆದು ನೇತುಹಾಕುತ್ತಿದ್ದ ಶಿಕ್ಷೆಯೂ ಅದೇ ವರದಿಯಲ್ಲಿದೆ. ಬಾಯಿಪಾಠ ಮಾಡಿಸುವ ಪದ್ಯದ ಅರ್ಥ ಕಲಿಸುವವರಿಗೇ ಗೊತ್ತಿರುತ್ತಿರಲಿಲ್ಲ, ಸಮರ್ಥ ಮೇಷ್ಟ್ರುಗಳ ಕೊರತೆಯೇ ದೊಡ್ಡ ದೋಷ ಎಂಬ ದೂರೂ ಇದೆ. ತಿದ್ದುವವರು ಮೇಲೆ ಯಾರೂ ಇರಲಿಲ್ಲವಲ್ಲ.

ಹಾಗಾದರೆ ಮೇಷ್ಟ್ರನ್ನು ಅಳೆಯುತ್ತಿದ್ದವರು ಯಾರು? ಫೀಸು ಕೊಡುವ ಮನೆಯವರು. ತಿಂಗಳಿಗೆ ಕಾಲು ರೂಪಾಯಿ. ಮಗು ಕಾಗದದ ಮೇಲೆ ಬರೆಯತೊಡಗಿದರೆ ಅರ್ಧ ರೂಪಾಯಿ. 12 ಮಕ್ಕಳಿಂದ 3 ರೂಪಾಯಿ, ಹೆಚ್ಚೆಂದರೆ 6. ಜನ ಬಡವರಾಗಿ ಆ ಕಾಲು ರೂಪಾಯಿಯೂ ಹುಟ್ಟದೆ ಶಾಲೆಗಳು ಮುಚ್ಚುತ್ತಿವೆ ಎಂದು ಕ್ಯಾಂಪ್‌ಬೆಲ್ ಬರೆದ; ಒಂದು ಶಾಲೆಗೂ ಸರ್ಕಾರದ ನೆರವಿಲ್ಲ ಎಂದು ನಾಚಿಕೊಂಡ. ಮನ್ರೋ 1826ರಲ್ಲಿ ಪ್ರತಿ ತಹಶೀಲ್ದಾರಿಗೊಂದು ಶಾಲೆ, ಮೇಷ್ಟ್ರಿಗೆ ತಿಂಗಳಿಗೆ 9 ರೂಪಾಯಿ ಸಂಬಳ ಎಂಬ ಯೋಜನೆ ಹಾಕಿದ. ಮರುವರ್ಷವೇ ತೀರಿಕೊಂಡ. 1836ರ ಹೊತ್ತಿಗೆ ಆ ಶಾಲೆಗಳೂ ಮುಚ್ಚಿದವು.

ಮುಂದೆ 1860ರ ದಶಕದ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂತು. ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಬೇಕು, ಪಾಸಾದ ಮಕ್ಕಳ ಲೆಕ್ಕಕ್ಕೆ ಹಣ. ಮೇಷ್ಟ್ರು ಮನೆಯವರ ಮುಖ ನೋಡುವುದು ಬಿಟ್ಟು ಇನ್‌ಸ್ಪೆಕ್ಟರರ ಮುಖ ನೋಡತೊಡಗಿದ್ದು, ನನ್ನ ಮಟ್ಟಿಗೆ, ಇಲ್ಲಿಂದ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಆ ಪದ್ಧತಿ ಹೋಯಿತು. ರಿಜಿಸ್ಟರ್ ಉಳಿಯಿತು. ಅದನ್ನು ಕಾಯುವವರೇ ಹೆಡ್‌ಮಾಸ್ತರ್ರು.

ಆಮೇಲೆ ರಿಜಿಸ್ಟರುಗಳು ಹೆಚ್ಚಾಗುತ್ತಲೇ ಬಂದವು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬಿಸಿಯೂಟ ಬೇಡ ಎಂದು ನಾನು ಕನಸಿನಲ್ಲೂ ಅನ್ನಲಾರೆ. ನಾನೂ ಅದನ್ನೇ ಉಂಡು ಓದಿದವನು. ಆದರೆ ಅಕ್ಕಿ, ಬೇಳೆ, ಹಾಲಿನ ಪುಡಿಯ ಲೆಕ್ಕ ಮುಗಿಸಿ ತರಗತಿಗೆ ಹೋಗಲು ಮುಖ್ಯ ಶಿಕ್ಷಕರಿಗೆ ಹೊತ್ತೆಲ್ಲಿದೆ ಎಂದು ನನ್ನ ಪ್ರಶ್ನಾವಳಿ ಎಲ್ಲೂ ಕೇಳುವುದಿಲ್ಲ.

ಹೊಸಪೇಟೆಯ ದೊಡ್ಡ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕರು ಕೋಣೆಯಿಂದ ಹೊರಬಂದದ್ದನ್ನು ಮೂರು ದಿನದಲ್ಲಿ ಒಮ್ಮೆಯೂ ಕಾಣಲಿಲ್ಲ. ಶಿಕ್ಷಕರ ಪಾಠಯೋಜನೆಗಳು ಮುತ್ತಿನಂಥ ಅಕ್ಷರದಲ್ಲಿದ್ದವು, ಎಲ್ಲಕ್ಕೂ ಸಹಿ ಇತ್ತು. ಎರಡು ತರಗತಿಗಳಲ್ಲಿ ಮಕ್ಕಳು ಸುಮ್ಮನೆ ಕೂತಿದ್ದರು. ಸಂಡೂರಿನ ಕಡೆಯ ಒಂದು ಶಾಲೆಯಲ್ಲಿ ಸಹಿಗಳೇ ಬಾಕಿ. ಯಾರಾದರೂ ರಜೆ ಹಾಕಿದರೆ ಮುಖ್ಯ ಶಿಕ್ಷಕರೇ ಸೀಮೆಸುಣ್ಣ ಹಿಡಿದು ಆ ತರಗತಿಗೆ ಹೋಗುತ್ತಿದ್ದರು. "ಅವರು ಏನೂ ಕೇಳಂಗಿಲ್ರಿ, ಬಂದು ನಿಂದರ್ತಾರ. ನಮಗ ಕುಂದ್ರಾಕ ನಾಚಿಕಿ ಆಗ್ತದ" ಎಂದರು ಅಲ್ಲಿನ ಗಣಿತದ ಶಿಕ್ಷಕರು. ನನ್ನ ನಮೂನೆಯಲ್ಲಿ 'ನಾಚಿಕೆ'ಗೆ ಕಾಲಂ ಇಲ್ಲ.

ಕಂಪ್ಲಿಯ ಶಿಕ್ಷಕಿ ನಮೂನೆ ತುಂಬಿ ಕೊಟ್ಟರು. ಬಸ್ಸಿನಲ್ಲಿ ತೆರೆದು ನೋಡಿದೆ. 11ನೇ ಹೇಳಿಕೆಯ ಮುಂದೆ 'ಯಾವಾಗಲೂ' ಎಂಬುದಕ್ಕೆ ಗುರುತು ಹಾಕಿದ್ದರು. 5ಕ್ಕೆ 5 ಅಂಕ.