ಮುಳ್ಳಿನ ಮಲ್ಟಿಮೀಟರ್ ಬೆಳೆದು ಬಂದ ಬಗೆ

ನಿಮ್ಮ ಕಾಲೇಜಿನ ಪ್ರಯೋಗಶಾಲೆಯ ಬೀರುವಿನಲ್ಲಿ ಹಳೆಯ ಮುಳ್ಳಿನ ಮಲ್ಟಿಮೀಟರ್ ಇದ್ದರೆ ಹೊರತೆಗೆದು ನೋಡಿ. ಅಳತೆಪಟ್ಟಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಾಮಾನ್ಯವಾಗಿ ‘20,000 ಓಮ್/ವೋಲ್ಟ್’ ಎಂದೋ ‘2,000 ಓಮ್/ವೋಲ್ಟ್’ ಎಂದೋ ಬರೆದಿರುತ್ತದೆ. ಬಹಳಷ್ಟು ವಿದ್ಯಾರ್ಥಿಗಳು ಇದನ್ನು ಗಮನಿಸುವುದೇ ಇಲ್ಲ. ಆದರೆ ಈ ಉಪಕರಣದ ಇತಿಹಾಸದ ಮುಖ್ಯ ಭಾಗ ಅಡಗಿರುವುದು ಆ ಸಂಖ್ಯೆಯಲ್ಲೇ.

ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಪ್ರಕಟಿಸಿದ. ಅದೇ ವರ್ಷ ಜರ್ಮನಿಯ ಶ್ವೈಗರ್, ತಂತಿಯನ್ನು ಸುರುಳಿಯಾಗಿ ಸುತ್ತಿ ಆ ಪರಿಣಾಮವನ್ನು ಹೆಚ್ಚಿಸಿದ. ಆದರೆ ತಿರುಗುವುದು ಕಾಂತವೇ ಆದ್ದರಿಂದ ಭೂಮಿಯ ಕಾಂತಕ್ಷೇತ್ರವೂ ಹತ್ತಿರದ ಕಬ್ಬಿಣವೂ ಅಳತೆಯಲ್ಲಿ ಕೈಯಾಡಿಸುತ್ತಿದ್ದವು. 1882ರಲ್ಲಿ ಫ್ರಾನ್ಸಿನ ದೆಪ್ರೆ ಮತ್ತು ದಾರ್ಸೊನ್ವಾಲ್, ಬಲವಾದ ಕಾಂತವನ್ನು ನಿಲ್ಲಿಸಿ ಅದರ ನಡುವೆ ಸುರುಳಿಯೇ ತಿರುಗುವಂತಹ ಗ್ಯಾಲ್ವನೋಮೀಟರ್ ರಚಿಸಿದರು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನ್ನ ದೃಷ್ಟಿಯಲ್ಲಿ ಹೆಚ್ಚಿನ ಶ್ರೇಯ ಸಲ್ಲಬೇಕಾದದ್ದು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ನ್ಯೂವಾರ್ಕ್‌ನಲ್ಲಿ ನೆಲೆಸಿದ ಎಡ್ವರ್ಡ್ ವೆಸ್ಟನ್‌ಗೆ. ಈತ 1888ರಲ್ಲಿ ತನ್ನ ಉಪಕರಣ ಕಂಪನಿಯನ್ನು ಆರಂಭಿಸಿದ. ವೆಸ್ಟನ್ ಮಾದರಿಯ ಮೀಟರಿನಲ್ಲಿ ಕಾಂತಧ್ರುವಗಳ ಒಳಮುಖ ಬಾಗಿರುತ್ತದೆ. ಸುರುಳಿಯೊಳಗೆ ಮೆದುಕಬ್ಬಿಣದ ಉರುಳೆ ಇರುತ್ತದೆ. ಇದರಿಂದ ಸುರುಳಿ ಯಾವ ಕೋನದಲ್ಲಿದ್ದರೂ ಅದಕ್ಕೆ ತಾಗುವ ಕಾಂತಕ್ಷೇತ್ರ ಒಂದೇ ಆಗಿರುತ್ತದೆ. ಕೂದಲೆಳೆಯಂಥ ಸ್ಪ್ರಿಂಗುಗಳು ತಿರುಗುವಿಕೆಯನ್ನು ತಡೆಯುತ್ತವೆ, ಸುರುಳಿಗೆ ವಿದ್ಯುತ್ತನ್ನೂ ಒಯ್ಯುತ್ತವೆ. ಪ್ರವಾಹ ಇಮ್ಮಡಿಯಾದರೆ ವಿಚಲನೆಯೂ ಇಮ್ಮಡಿ. ಅಳತೆಪಟ್ಟಿಯ ಗೆರೆಗಳು ಸಮಾನ ಅಂತರದಲ್ಲಿರುವುದು ಇದರಿಂದಲೇ.

ಇಷ್ಟಾದರೂ ಒಂದೊಂದು ಅಳತೆಗೆ ಒಂದೊಂದು ಮೀಟರ್ ಬೇಕಿತ್ತು. ಹೀಗೆ ಹಲವು ಮೀಟರುಗಳನ್ನು ಹೊತ್ತು ತಿರುಗಿ ಬೇಸತ್ತ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ, ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟ. 1923ರಲ್ಲಿ ಮಾರುಕಟ್ಟೆಗೆ ಬಂದ ಅದರ ಹೆಸರು ‘ಆವೊಮೀಟರ್’. ಆಂಪಿಯರ್, ವೋಲ್ಟ್, ಓಮ್‌ಗಳ ಮೊದಲಕ್ಷರಗಳ ಜೋಡಣೆ. ಉಪಾಯ ಸರಳ. ಸುರುಳಿಗೆ ಸಮಾಂತರವಾಗಿ ಸಣ್ಣ ರೋಧ ಸೇರಿಸಿದರೆ ಅಮ್ಮೀಟರ್, ಸರಣಿಯಲ್ಲಿ ದೊಡ್ಡ ರೋಧ ಸೇರಿಸಿದರೆ ವೋಲ್ಟ್‌ಮೀಟರ್, ಒಳಗೆ ಒಂದು ಬ್ಯಾಟರಿ ಇಟ್ಟರೆ ಓಮ್‌ಮೀಟರ್. (ರೋಧ ಸೊನ್ನೆಯಾದಾಗ ಪ್ರವಾಹ ಗರಿಷ್ಠ, ಆದ್ದರಿಂದಲೇ ಓಮ್ ಪಟ್ಟಿಯ ಸೊನ್ನೆ ಬಲತುದಿಯಲ್ಲಿರುತ್ತದೆ.)

ಮೊದಲ ಆವೊಮೀಟರಿನ ಸಂವೇದನೆ ವೋಲ್ಟಿಗೆ ಕೇವಲ 60 ಓಮ್. ಅಂದರೆ 12 ವೋಲ್ಟ್ ವ್ಯಾಪ್ತಿಯಲ್ಲಿ ಮೀಟರಿನ ರೋಧ 720 ಓಮ್ ಮಾತ್ರ. ಬ್ಯಾಟರಿ ಅಳೆಯಲು ಅಷ್ಟು ಸಾಕಿತ್ತು. ರೇಡಿಯೋ ವಾಲ್ವ್‌ಗಳ ಮಂಡಲಗಳಲ್ಲಿ ಲಕ್ಷಗಟ್ಟಲೆ ಓಮ್ ರೋಧಕಗಳಿರುತ್ತಿದ್ದವು. ಅಲ್ಲಿ ಇಂಥ ಮೀಟರ್ ಜೋಡಿಸಿದರೆ ಮಂಡಲದ ಸ್ಥಿತಿಯೇ ಬದಲಾಗುತ್ತಿತ್ತು. 1951ರಲ್ಲಿ ಬಂದ ಎಂಟನೇ ಮಾದರಿಯ ಸಂವೇದನೆ ವೋಲ್ಟಿಗೆ 20,000 ಓಮ್. ಮುಳ್ಳು ಪೂರ್ತಿ ತಿರುಗಲು 50 ಮೈಕ್ರೊಆಂಪಿಯರ್ ಸಾಕು.

ಇದನ್ನು ನೀವೇ ಪರೀಕ್ಷಿಸಬಹುದು. 10 ವೋಲ್ಟ್ ಆಕರಕ್ಕೆ ಎರಡು 100 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿ. ಒಂದೊಂದರ ಮೇಲೂ 5 ವೋಲ್ಟ್ ಇರಬೇಕು. 20,000 ಓಮ್/ವೋಲ್ಟ್ ಮೀಟರನ್ನು 10 ವೋಲ್ಟ್ ವ್ಯಾಪ್ತಿಯಲ್ಲಿಟ್ಟು ಒಂದರ ಮೇಲೆ ಅಳೆದರೆ 4 ವೋಲ್ಟ್ ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಅದರ 200 ಕಿಲೋಓಮ್ ರೋಧ ಸಮಾಂತರವಾಗಿ ಸೇರಿ, 100 ಕಿಲೋಓಮ್ ಇದ್ದದ್ದು ಸುಮಾರು 67 ಆಗಿದೆ, ಅಷ್ಟೆ. 50 ವೋಲ್ಟ್ ವ್ಯಾಪ್ತಿಗೆ ತಿರುಗಿಸಿದರೆ ಸುಮಾರು 4.76 ಬರುತ್ತದೆ. 1,000 ಓಮ್/ವೋಲ್ಟ್ ಮೀಟರಾದರೆ 10 ವೋಲ್ಟ್ ವ್ಯಾಪ್ತಿಯಲ್ಲಿ ಒಂದು ವೋಲ್ಟನ್ನೂ ತೋರಿಸದು. ವ್ಯಾಪ್ತಿ ಬದಲಿಸಿದಾಗ ಅಳತೆ ಹೀಗೆ ಗಣನೀಯವಾಗಿ ಬದಲಾದರೆ, ಮೀಟರ್ ಮಂಡಲಕ್ಕೆ ಹೊರೆಯಾಗಿದೆಯೇ ಎಂದು ಮೊದಲು ನೋಡಿ.

ಸಾಮಾನ್ಯ ಡಿಜಿಟಲ್ ಮೀಟರಿನ ರೋಧ ಎಲ್ಲ ಡಿ.ಸಿ. ವೋಲ್ಟ್ ವ್ಯಾಪ್ತಿಗಳಲ್ಲೂ ಸುಮಾರು 10 ಮೆಗಾಓಮ್. ಅದು ಇದೇ ಮಂಡಲದಲ್ಲಿ ಸುಮಾರು 4.98 ವೋಲ್ಟ್ ತೋರಿಸುತ್ತದೆ. ಆವೊಮೀಟರಿನ ಎಂಟನೇ ಮಾದರಿಯ ತಯಾರಿಕೆ 2008ರಲ್ಲಿ ನಿಂತಿತು. ಆದರೂ ದೊಡ್ಡ ಕೆಪಾಸಿಟರನ್ನು ಓಮ್ ವ್ಯಾಪ್ತಿಯಲ್ಲಿ ಪರೀಕ್ಷಿಸುವಾಗ ಸರ್ರನೆ ಮೇಲೇರಿ ಮೆಲ್ಲಗೆ ಹಿಂದಿರುಗುವ ಮುಳ್ಳನ್ನು ತರಗತಿಗೆ ತೋರಿಸಿ. ಓಡುವ ಅಂಕಿಗಳಲ್ಲಿ ಅದು ಅಷ್ಟು ಚೆನ್ನಾಗಿ ಕಾಣುವುದಿಲ್ಲ.