ಸಕ್ಕರೆ ಕಾಯಿಲೆ: ರೋಗಿಗಳು ಬರೆದ ಚರಿತ್ರೆ

ಸಕ್ಕರೆ ಕಾಯಿಲೆಯ ಚರಿತ್ರೆ ಎಂದರೆ ಸಾಮಾನ್ಯವಾಗಿ ವೈದ್ಯರ ಚರಿತ್ರೆ. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿದ ಆಯುರ್ವೇದದ ಪಂಡಿತರು ಅದನ್ನು ಮಧುಮೇಹ ಎಂದರು. ಹನ್ನೊಂದನೆಯ ಶತಮಾನದಲ್ಲಿ ಇಬ್ನು ಸೀನಾ ತಮ್ಮ ಪ್ರಸಿದ್ಧ ವೈದ್ಯಗ್ರಂಥ 'ಅಲ್ ಕಾನೂನ್'ನಲ್ಲಿ ಅದರ ಲಕ್ಷಣಗಳನ್ನು ವಿವರಿಸಿದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಮರುವರ್ಷ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದರ ಚುಚ್ಚುಮದ್ದು ನೀಡಲಾಯಿತು. ಪಠ್ಯಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ.

ಆದರೆ ರೋಗಿಯ ಪಾಲಿಗೆ ಕಥೆ ಆರಂಭವಾದದ್ದೇ ಅಲ್ಲಿಂದ. ಅಲ್ಲಿಯವರೆಗೆ ಈ ರೋಗ ತಗಲಿದ ಮಕ್ಕಳು ಒಂದೆರಡು ವರ್ಷಗಳಲ್ಲೇ ಸಾಯುತ್ತಿದ್ದರು. ಇನ್ಸುಲಿನ್ ಬಂದ ಮೇಲೆ ಅವರು ಸಾಯಲಿಲ್ಲ, ಗುಣಮುಖರೂ ಆಗಲಿಲ್ಲ. ದಿನವೂ ಚುಚ್ಚಿಕೊಳ್ಳಬೇಕು, ತಿನ್ನುವ ತುತ್ತಿಗೆ ಲೆಕ್ಕವಿಡಬೇಕು, ಸಕ್ಕರೆ ಇಳಿದಾಗ ಬರುವ ನಡುಕವನ್ನೂ ಬೆವರನ್ನೂ ಗುರುತಿಸಬೇಕು. ವೈದ್ಯರೆದುರು ಕೂರುವುದು ಎಲ್ಲೋ ಹತ್ತು ನಿಮಿಷ. ಉಳಿದ ಹೊತ್ತೆಲ್ಲ ರೋಗಿಯೇ ತನಗೆ ವೈದ್ಯ. ಹಾಗಾಗಿ ಅದೇ ದಾರಿಯಲ್ಲಿ ನಡೆದವರ ಮಾತು ಅವನಿಗೆ ಬೇಕಾಯಿತು.

ಲಂಡನ್‌ನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಯುವವೈದ್ಯ ರಾಬಿನ್ ಲಾರೆನ್ಸ್‌ಗೆ 1920ರಲ್ಲಿ ಈ ಕಾಯಿಲೆ ಇರುವುದು ತಿಳಿಯಿತು. ಮನೆಯವರ ಕಣ್ಣೆದುರು ಸಾಯುವುದು ಬೇಡವೆಂದು ಅವರು ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ನೆಲೆಸಿದರು. 1923ರಲ್ಲಿ, ಇನ್ಸುಲಿನ್ ಬಂದಿದೆ, ಬೇಗ ಹೊರಟು ಬಾ ಎಂಬ ಕರೆ ಲಂಡನ್‌ನಿಂದ ಬಂತು. ಬಳಲಿದ ದೇಹದಲ್ಲೇ ಯುರೋಪನ್ನು ದಾಟಿ ಬಂದ ಅವರು ಮೇ ತಿಂಗಳ ಕೊನೆಯಲ್ಲಿ ಮೊದಲ ಚುಚ್ಚುಮದ್ದು ಪಡೆದರು. ಆ ಬಳಿಕ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬದುಕಿ 1968ರಲ್ಲಿ ತೀರಿಕೊಂಡರು.

ಪ್ರಸಿದ್ಧ ಲೇಖಕ ಎಚ್. ಜಿ. ವೆಲ್ಸ್ ಇದೇ ಲಾರೆನ್ಸ್ ಬಳಿ ಚಿಕಿತ್ಸೆ ಪಡೆಯುತ್ತಿದ್ದ ಮಧುಮೇಹಿ. 1934ರಲ್ಲಿ ವೆಲ್ಸ್ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಮಧುಮೇಹಿಗಳು ಒಂದಾಗಬೇಕೆಂದು ಕರೆಕೊಟ್ಟರು. ಅದೇ ವರ್ಷ ಇಬ್ಬರೂ ಸೇರಿ 'ಡಯಾಬಿಟಿಕ್ ಅಸೋಸಿಯೇಶನ್' ಕಟ್ಟಿದರು. ಇಂದು ಅದು 'ಡಯಾಬಿಟಿಸ್ ಯುಕೆ' ಎಂಬ ಹೆಸರಿನಲ್ಲಿದೆ. 1935ರಲ್ಲಿ ಸಂಘದ ಪತ್ರಿಕೆಯೂ ಆರಂಭವಾಯಿತು. ವೈದ್ಯ ಮತ್ತು ರೋಗಿ ಒಂದೇ ಸಾಲಿನಲ್ಲಿ ಕುಳಿತದ್ದು ಇದರ ವಿಶೇಷ. ಸ್ಥಾಪಕರಲ್ಲಿ ಒಬ್ಬರಂತೂ ಎರಡೂ ಆಗಿದ್ದರು.

ಎರಡನೆಯ ಕಥೆ ಶಾಂಘೈಯದು. ಚೆಕೊಸ್ಲೊವಾಕಿಯಾದಿಂದ ನಾಝಿಗಳ ಹಿಂಸೆಗೆ ಬೆದರಿ ಓಡಿಬಂದ ಯಹೂದಿ ದಂಪತಿ ವಿಕ್ಟರ್ ಮತ್ತು ಈವಾ ಸ್ಯಾಕ್ಸಲ್ ಅಲ್ಲಿ ಆಶ್ರಯ ಪಡೆದಿದ್ದರು. ಅಲ್ಲಿಯೇ ಈವಾಗೆ ಮಧುಮೇಹ ಕಾಣಿಸಿಕೊಂಡಿತು. 1941ರ ಕೊನೆಯಲ್ಲಿ ಯುದ್ಧ ಹಬ್ಬಿ, ನಗರ ಪೂರ್ತಿಯಾಗಿ ಜಪಾನೀಯರ ವಶವಾದಾಗ ಔಷಧ ಸಿಗದಂತಾಯಿತು. ಕಾಳಸಂತೆಯ ಇನ್ಸುಲಿನ್‌ಗೆ ನಂಬಿಕೆಯಿಲ್ಲ. ವಿಕ್ಟರ್ ವೈದ್ಯನಲ್ಲ, ಬಟ್ಟೆ ಉದ್ಯಮದ ಇಂಜಿನಿಯರ್. ದಂಪತಿ ಒಂದು ವೈದ್ಯಕೀಯ ಪುಸ್ತಕದ ವಿವರಣೆಯನ್ನು ನೆಚ್ಚಿಕೊಂಡು ಎಮ್ಮೆಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು, ಮೊಲಗಳ ಮೇಲೆ ಪರೀಕ್ಷಿಸಿದರು. ಆ ಕಂದು ಬಣ್ಣದ ದ್ರಾವಣವನ್ನು ಮೊದಲು ಚುಚ್ಚಿಕೊಂಡದ್ದು ಈವಾ. ತಾನು ಬದುಕಿದೆ ಎಂದು ಆಕೆ ಸುಮ್ಮನಾಗಲಿಲ್ಲ, ನಗರದ ಇತರ ರೋಗಿಗಳಿಗೂ ಹಂಚಿದಳು. ಇನ್ನೂರಕ್ಕೂ ಹೆಚ್ಚು ಮಂದಿಯ ಜೀವ ಉಳಿಯಿತು. ಯುದ್ಧದ ಬಳಿಕ ಅಮೆರಿಕಕ್ಕೆ ಹೋದ ಆಕೆ ಅಲ್ಲಿನ ಮಧುಮೇಹಿಗಳಿಗೆ ತನ್ನ ಅನುಭವ ಹೇಳುತ್ತಾ ಧೈರ್ಯ ತುಂಬಿದಳು. 2002ರಲ್ಲಿ ಚಿಲಿಯಲ್ಲಿ ತೀರಿಕೊಂಡಳು.

ಮೂರನೆಯವರು ಅಮೆರಿಕದ ಇಂಜಿನಿಯರ್ ರಿಚರ್ಡ್ ಬರ್ನ್‌ಸ್ಟೀನ್. ಹನ್ನೆರಡನೆಯ ವಯಸ್ಸಿನಿಂದಲೇ ಮಧುಮೇಹಿ. 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಯಂತ್ರದ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಬೆಲೆ 650 ಡಾಲರ್. ಆದರೆ ಅದನ್ನು ರೋಗಿಗಳಿಗೆ ಮಾರುತ್ತಿರಲಿಲ್ಲ. ಪತ್ನಿ ವೈದ್ಯೆಯಾಗಿದ್ದರಿಂದ ಆಕೆಯ ಹೆಸರಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಅಳೆದು, ಅದಕ್ಕೆ ತಕ್ಕಂತೆ ಆಹಾರ ಮತ್ತು ಇನ್ಸುಲಿನ್ ಹೊಂದಿಸಿ ಆರೋಗ್ಯ ಸುಧಾರಿಸಿಕೊಂಡರು. ಈ ಅನುಭವವನ್ನು ಬರೆದು ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದರೆ ಅವು ತಿರಸ್ಕರಿಸಿದವು. ಕೊನೆಗೆ ನಲವತ್ತು ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿ 1983ರಲ್ಲಿ ವೈದ್ಯರಾದರು. ಇಂದು ಮನೆಮನೆಯಲ್ಲಿ ಬೆರಳು ಚುಚ್ಚಿ ಸಕ್ಕರೆ ನೋಡುವ ರೂಢಿಯ ಹಿಂದೆ ಇಂಥ ರೋಗಿಗಳ ಹಟವೂ ಇದೆ.

ಈ ಚರಿತ್ರೆಯಲ್ಲಿ ನಮಗೂ ಒಂದು ಪಾಠವಿದೆ. 2001ರಲ್ಲಿ 13 ದೇಶಗಳ 12 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಮಧುಮೇಹಿಗಳ ಅಧ್ಯಯನ ನಡೆಯಿತು. ಟೈಪ್-1 ರೋಗಿಗಳಲ್ಲಿ ಶೇ. 43, ಟೈಪ್-2 ರೋಗಿಗಳಲ್ಲಿ ಶೇ. 79 ಮಂದಿ ರಮಝಾನ್‌ನಲ್ಲಿ ಕನಿಷ್ಠ 15 ದಿನ ಉಪವಾಸವಿದ್ದರು. ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಪ್ರಕರಣಗಳು ಇತರ ತಿಂಗಳುಗಳಿಗಿಂತ ಟೈಪ್-1ರಲ್ಲಿ 4.7 ಪಟ್ಟು, ಟೈಪ್-2ರಲ್ಲಿ 7.5 ಪಟ್ಟು ಹೆಚ್ಚಿದ್ದವು.

ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದನ್ನು ಸೂರಾ ಅಲ್ ಬಕರಃ ಸ್ಪಷ್ಟಪಡಿಸುತ್ತದೆ. ಆದರೂ ಜನ ಏನೆನ್ನುತ್ತಾರೋ ಎಂಬ ಸಂಕೋಚ. ವೈದ್ಯರು ಬೇಡವೆಂದಾರು ಎಂದು ಅವರಿಂದ ಮುಚ್ಚಿಡುವವರಿದ್ದಾರೆ. ಬೆರಳು ಚುಚ್ಚಿದರೆ ಉಪವಾಸ ಮುರಿದೀತೆಂದು ಪರೀಕ್ಷೆ ನಿಲ್ಲಿಸುವವರಿದ್ದಾರೆ. ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2016ರ ರಮಝಾನ್ ಮಾರ್ಗಸೂಚಿ ಹೇಳಿದೆ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸ ತೊರೆಯಬೇಕೆಂದೂ ಅದು ತಿಳಿಸುತ್ತದೆ. ಮಸೀದಿಯ ಜಗಲಿಯಲ್ಲಿ ಹಿರಿಯರೊಬ್ಬರು, 'ನನಗೆ ಹೀಗಾಗಿತ್ತು, ನಾನು ಉಪವಾಸ ಬಿಟ್ಟೆ, ಫಿದ್ಯ ಕೊಟ್ಟೆ' ಎಂದು ಬಾಯಿಬಿಟ್ಟು ಹೇಳಿದರೆ, ಯಾವ ಕರಪತ್ರಕ್ಕಿಂತಲೂ ಅದು ಹೆಚ್ಚು ಕೆಲಸ ಮಾಡೀತು.

ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜಿಸಿದೆ. ಆದರೂ ಮಗಳಿಗೆ ಸಕ್ಕರೆ ಕಾಯಿಲೆಯಿದ್ದರೆ ಸಂಬಂಧ ಕೂಡಿಬಾರದೆಂದು ಹೆತ್ತವರು ಬಚ್ಚಿಡುತ್ತಾರೆ. ಆ ಹುಡುಗಿ ಬಾಗಿಲು ಮುಚ್ಚಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಅವಳಿಗೆ ಬೇಕಾದುದು ಮದ್ದು ಮಾತ್ರವಲ್ಲ. ತನ್ನಂಥವರು ಬೇರೆಯೂ ಇದ್ದಾರೆ, ಬದುಕುತ್ತಿದ್ದಾರೆ ಎಂಬ ತಿಳಿವಳಿಕೆ. ಲಾರೆನ್ಸ್ ಮತ್ತು ವೆಲ್ಸ್ 1934ರಲ್ಲಿ ಕೊಡಲು ಹೊರಟದ್ದು ಅದನ್ನೇ. ನಮ್ಮ ಮೊಹಲ್ಲಾಗಳಲ್ಲಿ ಅದು ಇನ್ನಾದರೂ ಆರಂಭವಾಗಲಿ.