ಹಿಡಿದು ಬಿಟ್ಟ ಮೀನಿನ ಲೆಕ್ಕ

(ಹೊಳೆ ಕಥೆಗಳು, ಕಂತು 14. ಕ್ಯಾಪ್ಶನ್ ಉದ್ದ ಇದೆ, ಏಳು ಭಾಗ. ಒಂದೊಂದು ಫೋಟೊ ಸರಿಸ್ತಾ ಓದಿ.)

1/7

"ಹಿಡಿದ ಮೀನ್ನ ಮತ್ತೆ ನೀರಿಗೇ ಬಿಡೋದಾದ್ರೆ ಹಿಡಿಯೋದ್ಯಾಕೆ ಸ್ವಾಮಿ?"

ಮುತ್ತತ್ತಿ ಹತ್ರ ಕಾವೇರಿ ದಂಡೆಯಲ್ಲಿ ಎಮ್ಮೆ ಮೈ ತೊಳೀತಿದ್ದ ಅಜ್ಜ ಒಬ್ಬರು ನನ್ನನ್ನ ಕೇಳಿದ ಮಾತಿದು. ಅವತ್ತು ನನ್ನ ಕೈಲಿ ಗಾಳ ಇರ್ಲಿಲ್ಲ, ಕ್ಯಾಮೆರಾ ಇತ್ತು. ಅದು ಅಭಯಾರಣ್ಯ, ಗಾಳ ಹಾಕೋ ಹಾಗಿಲ್ಲ. ಹಿಂದೆ ಇಲ್ಲಿ ದೇಶ ವಿದೇಶದವರು ಬಂದು ಮಹಶೀರ್ ಹಿಡಿದು, ತೂಕ ನೋಡಿ, ಫೋಟೊ ತೆಗೆದು ವಾಪಸ್ ಬಿಡ್ತಿದ್ರಲ್ಲ ಅಂತ ನಾನೇ ಮಾತು ತೆಗೆದಿದ್ದೆ. ಅಜ್ಜ ನಕ್ಕು ಆ ಪ್ರಶ್ನೆ ಎಸೆದರು. ಆಮೇಲೆ ಇನ್ನೊಂದು ಸೇರಿಸಿದರು: "ನಮ್ಮಪ್ಪ ಹಿಡೀತಿದ್ದ, ಮನೆ ಮಂದಿಗೆಲ್ಲ ಸಾರಾಗ್ತಿತ್ತು. ಅವ್ನು ಕಳ್ಳ ಆದ. ಇವ್ರು ಸಾಹೇಬ್ರು."

ನಾನು ವಾರಾಂತ್ಯಕ್ಕೆ ಗಾಳ ಹಾಕೋನು. ಕೆರೆ ಮೀನು ಸಿಕ್ರೆ ಮನೆಗೆ ತರ್ತೀನಿ, ಹೊಳೆ ಮೀನು ಸಿಕ್ರೆ ಬಿಡ್ತೀನಿ. ಬಿಟ್ಟಾಗ ಒಂದು ಥರ ದೊಡ್ಡ ಮನುಷ್ಯ ಆದ ಹಾಗೆ ಅನ್ಸೋದು. ಅಜ್ಜನ ಮಾತು ಕೇಳಿದ ಮೇಲೆ ಆ ಹೆಮ್ಮೆ ಸ್ವಲ್ಪ ಅಲ್ಲಾಡಿತು. ಮನೆಗೆ ಬಂದು ಈ "ಹಿಡಿದು ಬಿಡೋ" ಪದ್ಧತಿ ನಮ್ಮ ಹೊಳೆಗೆ ಹೇಗೆ ಬಂತು, ಅದರಿಂದ ಮೀನಿಗೆ ಒಳ್ಳೇದಾಯ್ತಾ ಅಂತ ಹುಡುಕ್ತಾ ಹೋದೆ. ಸಿಕ್ಕ ಉತ್ತರ ಅಷ್ಟು ಸರಳವಾಗಿಲ್ಲ. ಬನ್ನಿ, ಹಳೇ ಕಾಲದಿಂದಲೇ ಶುರು ಮಾಡೋಣ.

2/7

ಗಾಳ ಹಾಕೋ ಶೋಕಿ ಬ್ರಿಟಿಷರು ತಂದಿದ್ದು ಅಂತ ನೀವು ಅಂದ್ಕೊಂಡಿದ್ರೆ, ಸ್ವಲ್ಪ ತಡೀರಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಗೊತ್ತಲ್ಲ? ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದವನು. 12ನೇ ಶತಮಾನದಲ್ಲಿ ಅವನ ಹೆಸರಲ್ಲಿ ಬಂದ 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥದಲ್ಲಿ ರಾಜನ ವಿನೋದಗಳ ಪಟ್ಟಿಯೇ ಇದೆ. ಅದರಲ್ಲಿ 'ಮತ್ಸ್ಯವಿನೋದ' ಅಂತ ಒಂದು ಭಾಗ. ಯಾವ ಮೀನು ಹೊಳೆಯದು, ಯಾವುದು ಸಮುದ್ರದ್ದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕಿಲ್ಲ, ಯಾವುದಕ್ಕೆ ಎಂಥ ತಿನಿಸು ಹಾಕಬೇಕು, ಗಾಳದ ದಾರ ಹೇಗಿರಬೇಕು, ಎಲ್ಲ ಇದೆ. ಸುಮಾರು 35 ಬಗೆ ಮೀನುಗಳ ಹೆಸರೂ ಇದೆ.

ಗಮನಿಸಬೇಕಾದ್ದು ಏನಂದ್ರೆ, ಆ ಮೀನುಗಳಿಗೆ ಮೊದಲು ದಿನಾ ಉಂಡೆ ಹಾಕಿ ಸಾಕೋದು, ಆಮೇಲೆ ಗಾಳ ಹಾಕೋದು. ಅದೇ ಗ್ರಂಥದ ಊಟದ ಭಾಗದಲ್ಲಿ ಮೀನಿನ ಅಡುಗೆಯೂ ಇದೆ. ಅಂದ್ರೆ ರಾಜನಿಗೆ ಸಾಕೋದು, ಆಡೋದು, ತಿನ್ನೋದು ಮೂರೂ ಒಂದೇ ದಾರದಲ್ಲಿ ಪೋಣಿಸಿದ್ದು.

ಇದಕ್ಕೆ ಎದುರಾಗಿ ಇನ್ನೊಂದು ಪದ್ಧತಿಯೂ ನಮ್ಮಲ್ಲೇ ಇತ್ತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ 'ದೇವರ ಮೀನು' ಅಂತ ಮುಟ್ಟದೇ ಬಿಟ್ಟ ಮಡುಗಳು. ನೀವೂ ಮಂಡಕ್ಕಿ ಹಾಕಿರ್ತೀರಿ. ಅಲ್ಲಿ ಗಾಳವೂ ಇಲ್ಲ, ಸಾರೂ ಇಲ್ಲ. ಅರ್ಧ ಮೈಲಿ ಕೆಳಗೆ ಹೋದ್ರೆ ಎರಡೂ ಉಂಟು. ಹೊಳೆಯ ಒಂದು ತುಂಡನ್ನ ಬಿಟ್ಟು, ಉಳಿದಿದ್ದನ್ನ ತಿನ್ನೋದು. ಇವತ್ತಿನ ವಿಜ್ಞಾನಿಗಳು 'ಸಂರಕ್ಷಿತ ವಲಯ' ಅಂತ ಕರೆಯೋದೂ ಹೆಚ್ಚು ಕಮ್ಮಿ ಇದನ್ನೇ.

3/7

ಈಗ ಮಂಗಳೂರಿಗೆ ಬನ್ನಿ. 1870ರ ಆಸುಪಾಸು.

ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಅನ್ನೋ ಸಾಹೇಬರಿಗೆ ಗಾಳದ ಹುಚ್ಚು. 1873ರಲ್ಲಿ ಅವರು ಬರೆದ 'ದಿ ರಾಡ್ ಇನ್ ಇಂಡಿಯಾ' ಅಚ್ಚಾಗಿದ್ದು ಮಂಗಳೂರಲ್ಲೇ. ಮಹಶೀರ್‌ನ ಎಳೆತದ ಮುಂದೆ ಅವರ ದೇಶದ ಸಾಲ್ಮನ್ ಕೂಡ ಕಮ್ಮಿ ಅಂತ ವಾದಿಸಿದ ಪುಸ್ತಕ ಅದು. ಆಮೇಲಿನ ಬ್ರಿಟಿಷ್ ಗಾಳದವರಿಗೆಲ್ಲ ಅದೇ ಪಂಚಾಂಗ.

ಆದ್ರೆ ಥಾಮಸ್ ಬರೀ ಶೋಕಿಲಾಲ ಅಲ್ಲ. ಜಿಲ್ಲೆಯ ಹೊಳೆಗಳಲ್ಲಿ ಮೀನು ಯಾಕೆ ಕಮ್ಮಿ ಆಗ್ತಿದೆ ಅಂತ ಸರ್ಕಾರಕ್ಕೆ ವರದಿಯನ್ನೂ ಬರೆದರು. ಅವರು ಬೊಟ್ಟು ಮಾಡಿದ್ದು ಸಣ್ಣ ಕಣ್ಣಿನ ಬಲೆ, ಹೊಳೆಗೆ ಅಡ್ಡ ಕಟ್ಟೋ ತಡೆ, ನೀರಿಗೆ ವಿಷ ಹಾಕೋದು, ಇವುಗಳ ಕಡೆಗೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾರೆಕಾಯಿ ಜಜ್ಜಿ ಹಾಕೋದು, ಮುಂಗಾರಿನ ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಹಳ್ಳ ಏರೋ 'ಹತ್ತು ಮೀನು' ಹಿಡಿಯೋದು ನಿಮಗೆ ಗೊತ್ತೇ ಇದೆ.

ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ನೀರಿಗೆ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯೋದು ಅಪರಾಧ ಆಯ್ತು.

ಒಳ್ಳೇ ಕೆಲಸವೇ. ಆದ್ರೆ ಅಜ್ಜನ ಮಾತು ಇಲ್ಲಿ ನೆನಪಾಗುತ್ತೆ. ಥಾಮಸ್ ಮತ್ತವರ ಗೆಳೆಯರು ತಾವು ಹಿಡಿದಿದ್ದನ್ನ ನೀರಿಗೆ ಬಿಡ್ತಿರಲಿಲ್ಲ. ಆ ಕಾಲದಲ್ಲಿ ಹಿಡಿಯೋದು ಅಂದ್ರೆ ಕೊಲ್ಲೋದೇ. ಮೀನು ಮುಗಿಸ್ತಿರೋದು ಬಲೆಯವನು, ಗಾಳದವನಲ್ಲ ಅನ್ನೋ ನಂಬಿಕೆ ಅವತ್ತೇ ಬೇರೂರಿತು. ಇವತ್ತೂ ಗಾಳದವರ ಯಾವುದೇ ವಾಟ್ಸಾಪ್ ಗುಂಪಲ್ಲಿ ಕೂತ್ಕೊಳ್ಳಿ, ಅದೇ ಮಾತು ಕೇಳ್ತೀರಿ.

4/7

1946. ಕಬಿನಿ ಹೊಳೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನ ಕೇಳಿರ್ತೀರಿ, ಹುಲಿ ಚಿರತೆ ತಲೆಗಳನ್ನ ಜೀವಂತ ಇರೋ ಹಾಗೆ ಸಿದ್ಧ ಮಾಡಿ ಜಗತ್ತಿಗೆಲ್ಲ ಕಳಿಸ್ತಿದ್ದವರು. ಆ ಮನೆಯವರೊಬ್ಬರ ಗಾಳಕ್ಕೆ 120 ಪೌಂಡ್ ಮಹಶೀರ್ ಬಿತ್ತು. ನಮ್ಮ ಲೆಕ್ಕದಲ್ಲಿ 54 ಕೆ.ಜಿ. ಒಂದು ಮೂಟೆ ಅಕ್ಕಿಗಿಂತ ಹೆಚ್ಚು! ಗಾಳದ ಮಹಶೀರ್‌ಗೆ ಬಹಳ ಕಾಲ ಅದೇ ದಾಖಲೆ.

ಆಮೇಲಿನ ಮೂವತ್ತು ವರ್ಷ ಹೊಳೆಗೆ ಕೆಟ್ಟ ಕಾಲ. ಕಾಯ್ದೆ ಪುಸ್ತಕದಲ್ಲೇ ಇತ್ತು, ತೋಟೆ ಸಿಡಿತಾನೇ ಇತ್ತು. ದೊಡ್ಡ ಮಹಶೀರ್ ಮುಗಿದೇ ಹೋಯ್ತು ಅಂತ ಜನ ಅಂದುಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಬ್ರಿಟಿಷ್ ಗಾಳದವರ ಪುಟ್ಟ ತಂಡವೊಂದು ಕಾವೇರಿಗೆ ಬಂದು ದೊಡ್ಡ ಮೀನು ಹಿಡಿದು ತೋರಿಸಿತು. ಹೊಳೆ ಇನ್ನೂ ಸತ್ತಿಲ್ಲ ಅಂತ ಹೊರಗಿನವರಿಗೂ ಗೊತ್ತಾಯ್ತು.

ಅಷ್ಟರಲ್ಲಿ ಬೆಂಗಳೂರಿನ ಗಾಳದವರು ಸೇರಿ 1972ರಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಕಟ್ಟಿದ್ದರು. ಅವರು ಹೊಳೆಯ ಒಂದಷ್ಟು ಉದ್ದವನ್ನ ಗುತ್ತಿಗೆ ಹಿಡಿದು ಕಾವಲು ಹಾಕಿದರು. 1980ರಲ್ಲಿ ಹುಟ್ಟಿದ ಸರ್ಕಾರದ ಜಂಗಲ್ ಲಾಡ್ಜಸ್ ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಶಿಬಿರ ನಡೆಸಿತು. ನಿಯಮ ಒಂದೇ: ಹಿಡಿ, ತೂಗು, ಬಿಡು.

ಗಾಳಕ್ಕೆ ಹಾಕ್ತಿದ್ದುದು ಏನು ಗೊತ್ತಾ? ರಾಗಿ! ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ. ನಾವು ಸಾರಲ್ಲಿ ಅದ್ದಿ ನುಂಗೋದನ್ನ ಮಹಶೀರ್ ಸಾರಿಲ್ಲದೇ ನುಂಗ್ತಿತ್ತು.

ಇನ್ನು ಹರಿಗೋಲು ನಡೆಸ್ತಿದ್ದೋರು, ಮಡು ತೋರಿಸ್ತಿದ್ದೋರು, ರಾತ್ರಿ ಕಾವಲು ಇರ್ತಿದ್ದೋರು ಯಾರು? ಅವರಲ್ಲಿ ಹಲವರು ಹಿಂದೆ ಕದ್ದು ಮೀನು ಹಿಡೀತಿದ್ದೋರೇ. ಹೊಳೆಯ ಕಲ್ಲು ಕಲ್ಲೂ ಗೊತ್ತಿದ್ದೋರು. ಸತ್ತ ಮೀನನ್ನ ಒಂದು ಸಲ ಮಾರಬಹುದು. ಬದುಕಿದ ಮೀನನ್ನ ತೋರಿಸಿ ತಿಂಗಳು ತಿಂಗಳು ಸಂಬಳ ತಗೋಬಹುದು. ಅದು ಅವರಿಗೆ ಬೇಗ ಅರ್ಥ ಆಯ್ತು.

5/7

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಶಿಬಿರದ ಲೆಕ್ಕದ ಪುಸ್ತಕ.

ಗಾಲಿಬೋರೆಯಲ್ಲಿ ಯಾರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ತು, ಒಂದೊಂದರ ತೂಕ ಎಷ್ಟು ಅಂತ ಬರೆದಿಡ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನ ಆಮೇಲೆ ವಿಜ್ಞಾನಿಗಳು ಕೂತು ಕೂಡಿಸಿದರು. 23,000 ಗಂಟೆಗಿಂತ ಹೆಚ್ಚು ಗಾಳ. 6,000ಕ್ಕೂ ಹೆಚ್ಚು ಮಹಶೀರ್. ಎಲ್ಲವೂ ವಾಪಸ್ ನೀರಿಗೆ. ಅತಿ ದೊಡ್ಡದು ಸುಮಾರು 47 ಕೆ.ಜಿ.

ವರ್ಷದಿಂದ ವರ್ಷಕ್ಕೆ ಸಿಗೋ ಮೀನಿನ ಸಂಖ್ಯೆ ಏರ್ತಾ ಇತ್ತು. ಸರಾಸರಿ ತೂಕ ಇಳೀತಾ ಇತ್ತು, ಅಂದ್ರೆ ಮರಿಗಳು ಚೆನ್ನಾಗಿ ಬರ್ತಿವೆ. ಗಾಳದವರಿಗೆ ಇದಕ್ಕಿಂತ ಇನ್ನೇನು ಬೇಕು? ಬಿಟ್ಟಿದ್ದಕ್ಕೇ ಹೆಚ್ಚಿತು, ಕಾವಲಿದ್ದಿದ್ದಕ್ಕೇ ಉಳೀತು ಅಂತ ಹೇಳಿಕೊಳ್ಳಬಹುದು.

ನಾನೂ ಇಲ್ಲಿಗೇ ನಿಲ್ಲಿಸಿ ಅಜ್ಜನಿಗೆ ಉತ್ತರ ಹೇಳಬಹುದಿತ್ತು. ಆದ್ರೆ ಮುಂದಿನ ಫೋಟೊಗೆ ಹೋಗಿ.

6/7

ಕಾವೇರಿಯಲ್ಲಿ ಮಹಶೀರ್ ಅಂದ್ರೆ ಒಂದೇ ಜಾತಿ ಅಲ್ಲ.

ದೊಡ್ಡ ದಾಖಲೆಗಳ ಕಥಾನಾಯಕ ಡುಬ್ಬದ ಮಹಶೀರ್. ಬೆನ್ನು ಗೂನು, ರೆಕ್ಕೆ ಕಿತ್ತಳೆ ಬಣ್ಣ. ಕಾವೇರಿ ಮತ್ತದರ ಉಪನದಿ ಬಿಟ್ಟು ಜಗತ್ತಲ್ಲಿ ಇನ್ನೆಲ್ಲೂ ಇಲ್ಲ. ಇನ್ನೊಂದು ನೀಲಿ ರೆಕ್ಕೆಯದು, ಮೂಲ ಕೃಷ್ಣಾ ಕೊಳ್ಳದ್ದು. ಮಹಾರಾಷ್ಟ್ರದ ಲೋಣಾವಳದಲ್ಲಿ 1970ರ ದಶಕದಿಂದ ಇದರ ಮರಿಗಳನ್ನ ಕೃತಕವಾಗಿ ಬೆಳೆಸ್ತಾ ಬಂದರು. ಮಹಶೀರ್ ಉಳಿಸೋ ಒಳ್ಳೇ ಮನಸ್ಸಿಂದಲೇ ಅವನ್ನ ಬೇರೆ ಬೇರೆ ಹೊಳೆಗೆ ಕೊಟ್ಟರು. ಕಾವೇರಿಗೂ ಬಂದವು. ಗಾಳದವರು ಖುಷಿಪಟ್ಟು ಬಿಡಿಸಿಕೊಂಡರು.

ಅದೇ ಲೆಕ್ಕದ ಪುಸ್ತಕವನ್ನ ಎರಡು ಜಾತಿ ಬೇರೆ ಮಾಡಿ ಓದಿದಾಗ ಗೊತ್ತಾಗಿದ್ದು: ಏರ್ತಾ ಇದ್ದಿದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ್ದು ಕುಸೀತಾ ಬಂದಿತ್ತು. ಸಿಕ್ಕ ಕೆಲವೇ ಡುಬ್ಬದವೂ ವಯಸ್ಸಾದ ದೊಡ್ಡವು. ಮರಿಗಳೇ ಇಲ್ಲ. ಮನೆ ತುಂಬ ಅಜ್ಜಿ ತಾತ, ತೊಟ್ಟಿಲು ಖಾಲಿ. ಅಂಥ ಸಂಸಾರ.

ಇನ್ನೂ ಬೇಸರದ್ದು ಕೇಳಿ. ಡುಬ್ಬದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹಾಗಾಗಿ ಅಳಿವಿನ ಪಟ್ಟಿಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. 2018ರಲ್ಲಿ ಅದು 'ಟಾರ್ ರೆಮಾದೇವಿ' ಅನ್ನೋ ಜಾತಿಯೇ ಅಂತ ತೀರ್ಮಾನ ಆಯ್ತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿದೆ' ಅನ್ನೋ ಸಾಲಿಗೆ ಸೇರಿತು. ಆನೆಯಷ್ಟು ಪ್ರಸಿದ್ಧ ಮೀನು, ಆದ್ರೆ ಹೆಸರು ಸಿಕ್ಕಿದ್ದು ಹೋಗೋ ಹೊತ್ತಿಗೆ.

ಕಾರಣ ಒಂದೇ ಅಲ್ಲ. ಅಣೆಕಟ್ಟು, ಮರಳು ತೆಗೆಯೋದು, ತೋಟೆ ಎಲ್ಲ ಇದೆ. ಆದ್ರೆ "ಮಹಶೀರ್ ಜಾಸ್ತಿ ಆಗಿದೆ" ಅನ್ನೋ ಸಂತೋಷ ಇದನ್ನ ಹದಿನಾಲ್ಕು ವರ್ಷ ಮುಚ್ಚಿಟ್ಟಿತು. ಎಷ್ಟು ಬಿಟ್ವಿ ಅಂತ ಎಣಿಸಿದ್ವಿ. ಯಾವುದನ್ನ ಬಿಡ್ತಿದ್ದೀವಿ ಅಂತ ನೋಡಲಿಲ್ಲ.

7/7

ಈ ಹೊಳೆಯ ಆ ಭಾಗ 1987ರಿಂದ ಕಾವೇರಿ ವನ್ಯಜೀವಿ ಅಭಯಾರಣ್ಯ. ಕಾಡಲ್ಲಿ ಗಾಳ ಹಾಕೋದೂ ಬೇಟೆಯೇ ತಾನೇ ಅನ್ನೋ ಪ್ರಶ್ನೆ ಎದ್ದು, 2012ರ ಹೊತ್ತಿಗೆ ಶಿಬಿರಗಳಲ್ಲಿ ಗಾಳ ನಿಂತಿತು. ಗಾಳದವರ ವಾದ: ನಾವು ಹೋದ್ಮೇಲೆ ಕಾವಲು ಹೋಯ್ತು, ತೋಟೆ ವಾಪಸ್ ಬಂತು. ಕಾಡಿನವರ ವಾದ: ಬಾಯಿಗೆ ಕೊಕ್ಕೆ ಚುಚ್ಚೋದು ಯಾವ ಸಂರಕ್ಷಣೆ? ಎರಡರಲ್ಲೂ ಸತ್ಯ ಇದೆ ಅಂತ ನನಗನ್ಸುತ್ತೆ. ಒಂದಂತೂ ನಿಜ. ಗಾಳ ನಿಂತ ದಿನವೇ ಆ ಲೆಕ್ಕದ ಪುಸ್ತಕವೂ ನಿಂತಿತು. ಡುಬ್ಬದ ಮೀನು ಕುಸೀತಿದೆ ಅಂತ ಹೇಳಿದ್ದು ಅದೇ ಪುಸ್ತಕ.

ಹಾಗಾದ್ರೆ ಅಜ್ಜನ ಪ್ರಶ್ನೆಗೆ ಉತ್ತರ?

ತಿನ್ನೋದು ಪಾಪ, ಬಿಡೋದು ಪುಣ್ಯ ಅಂತ ನಾನು ಇನ್ಮೇಲೆ ಹೇಳಲ್ಲ. ಕೆರೆಗೆ ಮರಿ ಬಿಟ್ಟು ಬೆಳೆಸಿದ ಕಾಟ್ಲಾ, ರೋಹು ತಿನ್ನಕ್ಕೇ ಇರೋದು. ಪರವಾನಗಿ, ಗುತ್ತಿಗೆದಾರರ ಒಪ್ಪಿಗೆ ತಗೊಂಡು ಹಿಡೀರಿ, ಹುಳಿ ಹಿಂಡಿ ಸಾರು ಮಾಡಿ. ಜಿಲೇಬಿಯಂತೂ 1952ರಲ್ಲಿ ನಮ್ಮಲ್ಲಿಗೆ ಬಂದ ಆಫ್ರಿಕಾ ಮೂಲದ ನೆಂಟ, ಎದ್ದು ಹೋಗೋ ಅಂದಾಜೇ ಇಲ್ಲ. ಸಿಕ್ಕಿದ್ದನ್ನ ವಾಪಸ್ ಬಿಡಬೇಡಿ, ಹುರೀರಿ. ಹೊಳೆಯ ಹುಟ್ಟು ಮೀನು ಸಿಕ್ರೆ, ಅದರಲ್ಲೂ ಮುಂಗಾರಲ್ಲಿ ಮೊಟ್ಟೆ ತುಂಬಿದ್ದು ಸಿಕ್ರೆ, ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ಬಿಡಿ. ಬಿಡೋ ಮೊದಲು ಯಾವ ಮೀನು ಅಂತ ನೋಡಿ, ಬರೆದಿಡಿ. ಒಂದು ನೋಟ್‌ಬುಕ್ ಸಾಕು. ಒಳ್ಳೇ ಮನಸ್ಸಿಂದ ಅಂತ ಎಲ್ಲಿಂದಲೋ ಮರಿ ತಂದು ಹೊಳೆಗೆ ಸುರೀಬೇಡಿ.

ಅಜ್ಜನ ಎರಡನೇ ಮಾತಿಗೆ ಮಾತ್ರ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅವರಪ್ಪ ಸಾರಿಗೆ ಒಂದು ಮೀನು ಹಿಡಿದು ಕಳ್ಳ ಆದ. ಅವನಿಗಿಂತ ಹೊಳೆ ಬಲ್ಲವರು ಯಾರೂ ಇರಲಿಲ್ಲ. ಮುಂದೆ ಯಾವತ್ತಾದ್ರೂ ಕಾವೇರಿ ಮೀನಿನ ಲೆಕ್ಕ ಮತ್ತೆ ಶುರು ಮಾಡೋದಾದ್ರೆ, ಪುಸ್ತಕ ಸಾಹೇಬರ ಕೈಲಿ ಬೇಡ, ಅಂಥವರ ಮೊಮ್ಮಕ್ಕಳ ಕೈಲಿರಲಿ.

ನಿಮ್ಮೂರ ಹೊಳೆಯಲ್ಲಿ ನಿಮ್ಮ ಅಜ್ಜ ಹಿಡೀತಿದ್ದ, ಈಗ ಕಾಣದ ಮೀನು ಯಾವುದು? ನಿಮ್ಮ ಕಡೆ ಅದಕ್ಕೆ ಏನಂತಾರೆ? ಕಾಮೆಂಟಲ್ಲಿ ಹೆಸರು ಬರೀರಿ. ಮುಂದಿನ ಕಂತಲ್ಲಿ ಎಲ್ಲ ಹೆಸರೂ ಒಂದೇ ಕಡೆ ಹಾಕ್ತೀನಿ.

#ಹೊಳೆಕಥೆಗಳು #ಕಾವೇರಿ #ಮಹಶೀರ್ #ಗಾಳ #ಕನ್ನಡ